ಕಾಸು ಕೊಟ್ಟದ್ದು ಕೋಣೆಗೆ



ಮನುಷ್ಯನ ಸಂಸ್ಕಾರ ಅವನ ಮನೆಯಲ್ಲಿ ಕಾಣುವುದಕ್ಕಿಂತ ಅವನು ಅತಿಥಿಯಾಗಿ ಹೋದೆಡೆಯಲ್ಲಿ ಹೆಚ್ಚು ಕಾಣುತ್ತದೆ. ತನ್ನ ಮನೆಯಲ್ಲಿ ದೀಪ ಆರಿಸಿ ಹೊರಬರುವವನು ಪರಸ್ಥಳದಲ್ಲಿಯೂ ಹಾಗೆ ಮಾಡುವನೆ? ಹಿತ್ತಿಲ ತೊಟ್ಟಿಯ ನೀರನ್ನು ಅಳೆದು ಬಳಸುವವನು ಬಾಡಿಗೆಯ ಕೊಠಡಿಯ ನಲ್ಲಿಯ ಮುಂದೆಯೂ ಅಳೆಯುವನೆ? ಈ ಪ್ರಶ್ನೆ ಈಚೆಗೆ ನನಗೇ ಎದುರಾಯಿತು. ಉತ್ತರ ನನಗೆ ಹಿತವಾಗಿರಲಿಲ್ಲ. ಆದುದರಿಂದಲೇ ಈ ತಿಂಗಳು ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಬಂಧುಗಳೊಬ್ಬರ ಮಗನ ಆರತಕ್ಷತೆಗೆಂದು ನಾನು, ನನ್ನ ಧರ್ಮಪತ್ನಿ ಮತ್ತು ಎಂಬತ್ತೆರಡು ವರ್ಷದ ಅವ್ವ ಗುಂಡ್ಲುಪೇಟೆಯಿಂದ ಬೆಂಗಳೂರಿಗೆ ಹೋಗಿದ್ದೆವು. ಅಲ್ಲಿ ಉದ್ಯೋಗದಲ್ಲಿರುವ ನನ್ನ ಮಗ ಗೆಳೆಯರೊಡನೆ ವಾಸವಾಗಿರುವುದರಿಂದ ನಮಗಾಗಿ ಎರಡು ರಾತ್ರಿಗೆ ಹೋಟೆಲೊಂದರಲ್ಲಿ ಕೊಠಡಿ ಗೊತ್ತುಮಾಡಿದ್ದ. "ಅಪ್ಪಾಜಿ, ಇದು ಪರಿಸರಸ್ನೇಹಿ ಹೋಟೆಲು, ನಿಮಗೆ ಮೆಚ್ಚುಗೆಯಾಗುತ್ತದೆ" ಎಂದಿದ್ದ. ಮೆಚ್ಚುಗೆಯೇನೋ ಆಯಿತು. ಗೋಡೆಯ ತುಂಬ ಹಬ್ಬಿದ ಹಸಿರು ಬಳ್ಳಿಗಳು, ಹಗಲಿನಲ್ಲಿ ದೀಪವೇ ಬೇಡವೆನಿಸುವ ದೊಡ್ಡ ಕಿಟಕಿಗಳು, ಪ್ಲಾಸ್ಟಿಕ್ ಬಾಟಲಿಗೆ ಬದಲಾಗಿ ಗಾಜಿನ ಹೂಜಿಯಲ್ಲಿ ನೀರು, ಬಿದಿರಿನ ಹಿಡಿಯ ಹಲ್ಲುಜ್ಜುವ ಬ್ರಷ್ಷು, ಎಲ್ಲವೂ ಅಚ್ಚುಕಟ್ಟಾಗಿದ್ದವು. ಸ್ನಾನಗೃಹದಲ್ಲಿ ಒಂದು ಪುಟ್ಟ ಚೀಟಿಯಿತ್ತು. ಟವೆಲನ್ನು ಮತ್ತೊಮ್ಮೆ ಬಳಸುವುದಾದರೆ ಗೂಟಕ್ಕೆ ತೂಗುಹಾಕಿ, ಒಗೆಯಬೇಕೆಂದರೆ ನೆಲದ ಮೇಲೆ ಬಿಡಿ ಎಂಬುದು ಅದರ ಒಕ್ಕಣೆ.

ಇಂತಹ ಹೋಟೆಲುಗಳು ನಮ್ಮ ದೇಶಕ್ಕೆ ಹೊಸತಲ್ಲ. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದ 1997ರಲ್ಲಿಯೇ ವಿಠ್ಠಲ ಕಾಮತರು ಮುಂಬಯಿಯಲ್ಲಿ 'ಆರ್ಕಿಡ್' ಎಂಬ ಪರಿಸರಸ್ನೇಹಿ ಪಂಚತಾರಾ ಹೋಟೆಲನ್ನು ಆರಂಭಿಸಿದರು. 2009ರಲ್ಲಿ ತೆರೆದ ಬೆಂಗಳೂರಿನ 'ಐಟಿಸಿ ಗಾರ್ಡೇನಿಯಾ' ಹಸಿರು ಕಟ್ಟಡಗಳಿಗೆ ಕೊಡುವ 'ಲೀಡ್' ಮಾನ್ಯತೆಯ ಅತ್ಯುನ್ನತ ಶ್ರೇಣಿಯಾದ ಪ್ಲಾಟಿನಂ ಪಡೆಯಿತು. ಬಳಸಿದ ನೀರನ್ನು ಶುದ್ಧಗೊಳಿಸಿ ಮರಳಿ ಬಳಸುವುದು, ವಿದ್ಯುತ್ತನ್ನು ಮಿತಗೊಳಿಸುವುದು, ಕಸವನ್ನು ಬೇರ್ಪಡಿಸುವುದು ಇಂತಹ ಮಾನ್ಯತೆಯ ಅಳತೆಗೋಲುಗಳು. ಈ ಪ್ರಯತ್ನಗಳು ಸ್ತುತ್ಯರ್ಹವೇ ಸರಿ. ಆದರೆ ಕಟ್ಟಡಕ್ಕೆ ಮಾನ್ಯತೆ ಕೊಡುವವರು ಕೊಠಡಿಯೊಳಗಿನ ಅತಿಥಿಗೆ ಮಾನ್ಯತೆ ಕೊಡಲಾರರು. ಆ ಪರೀಕ್ಷೆ ನನಗೆ ಮರುದಿನ ಮುಂಜಾನೆಯೇ ಆಯಿತು.

ಷವರಿನಲ್ಲಿ ಬಿಸಿನೀರು ಬರಲು ಕೆಲವು ನಿಮಿಷ ಬೇಕಾಗಿತ್ತು. ನಾನು ಅದನ್ನು ತಿರುಗಿಸಿಟ್ಟು ಹೊರಬಂದು ವೃತ್ತಪತ್ರಿಕೆ ಹಿಡಿದು ಕುಳಿತೆ. ಇಷ್ಟಲಿಂಗ ಪೂಜೆಗೆ ಅಣಿಯಾಗುತ್ತಿದ್ದ ಅವ್ವ ನೀರಿನ ಸದ್ದು ಕೇಳಿ ಎದ್ದು ಹೋಗಿ ನಲ್ಲಿಯನ್ನು ನಿಲ್ಲಿಸಿದರು. "ಇರಲಿ ಬಿಡವ್ವ, ಎರಡು ದಿನಕ್ಕೆ ಅಷ್ಟೊಂದು ಕಾಸು ಕೊಟ್ಟಿದ್ದೇವೆ" ಎಂದೆ. ಅವ್ವ ಗದರಲಿಲ್ಲ. "ಕಾಸು ಕೊಟ್ಟದ್ದು ಕೋಣೆಗೆ ಕಣಪ್ಪ, ನೀರಿಗಲ್ಲ. ನೀರಿಗೆ ನೀನು ಯಾರಿಗೆ ಕೊಟ್ಟೆ?" ಎಂದರು. ಬಳಿಕ ಸೊಸೆಗೆ ಹೇಳಿ ಹೋಟೆಲಿನವರಿಂದ ಒಂದು ಬಕೆಟ್ಟು ತರಿಸಿದರು. ಬಿಸಿಯಾಗುವವರೆಗೆ ಬರುವ ತಣ್ಣೀರನ್ನು ಅದರಲ್ಲಿ ಹಿಡಿದು ತಮ್ಮ ಸೀರೆಯನ್ನು ಅದರಲ್ಲೇ ಜಾಲಾಡಿಸಿದರು. ಅವರ ಪೂಜೆಗೆ ಬೇಕಾದದ್ದು ಒಂದು ಚೊಂಬು ನೀರು ಮಾತ್ರ.

ನೀರಿಗೆ ಯಾರಿಗೆ ಕೊಟ್ಟೆ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆ ನಲ್ಲಿಯ ನೀರಿನ ದಾರಿಯನ್ನು ಮನಸ್ಸಿನಲ್ಲಿಯೇ ಹಿಂದಕ್ಕೆ ಅರಸುತ್ತ ಹೋದೆ. ನಮ್ಮ ಗುಂಡ್ಲು ಹೊಳೆ ಹರಿಯುವ ದಿನಗಳಲ್ಲಿ ನಂಜನಗೂಡಿನ ಬಳಿ ಕಪಿಲೆಯನ್ನು ಕೂಡುತ್ತದೆ. ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಕೆಳಗೆ, ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿಯ ನೀರನ್ನು ಶುದ್ಧಗೊಳಿಸಿ ಮೂರು ಹಂತಗಳಲ್ಲಿ ಮೇಲೆತ್ತಿ, ಸುಮಾರು 100 ಕಿಲೋಮೀಟರ್ ದೂರಕ್ಕೆ, ಸುಮಾರು 500 ಮೀಟರ್ ಎತ್ತರಕ್ಕೆ ಸಾಗಿಸಿ ಬೆಂಗಳೂರಿಗೆ ಕೊಡುತ್ತಾರೆ. ಬಯಲು ಸೀಮೆಯ ನಮ್ಮ ಗುಂಡ್ಲುಪೇಟೆಗೆ ಕುಡಿಯಲು ಬರುವುದೂ ಕಪಿಲೆಯ ನೀರೇ. ಊರಿನಲ್ಲಿ ಬಿಂದಿಗೆಗಳನ್ನು ಸಾಲಿಟ್ಟು ಕಾಯುವ ಅದೇ ನೀರನ್ನು ಬೆಂಗಳೂರಿನಲ್ಲಿ ಪತ್ರಿಕೆ ಓದುತ್ತ ಚರಂಡಿಗೆ ಹರಿಸಿದವನು ನಾನು. 2024ರ ಮಾರ್ಚ್ ತಿಂಗಳಿನ ಅಭಾವದಲ್ಲಿ ಬೆಂಗಳೂರು ಜಲಮಂಡಲಿ ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ 5,000 ರೂಪಾಯಿ ದಂಡವೆಂದು ಸಾರಿತು. ಹೋಟೆಲು ಮೊದಲಾದ ಕಟ್ಟಡಗಳ ನಲ್ಲಿಗಳಿಗೆ ನೀರಿನ ರಭಸ ತಗ್ಗಿಸುವ ಏರೇಟರುಗಳನ್ನು ಅಳವಡಿಸಲು ಆದೇಶಿಸಿತು. ನನಗೆ ಯಾವ ದಂಡವೂ ಬೀಳಲಿಲ್ಲ. ಅವ್ವನ ಮಾತೇ ಸಾಕಾಯಿತು.

ಶರಣರ ಕಾಲದಲ್ಲಿ ಆಯ್ದಕ್ಕಿ ಮಾರಯ್ಯ ದಂಪತಿಗಳಿದ್ದರು. ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮನವರು ಹೆಚ್ಚಿನದನ್ನು ತಂದೆಡೆಯಲ್ಲಿಯೇ ಸುರಿದು ಬರುವಂತೆ ಹೇಳಿದರೆಂಬ ಪ್ರಸಂಗವನ್ನು ನಾವೆಲ್ಲರೂ ಬಲ್ಲೆವು. ಅದು ಕದ್ದ ಅಕ್ಕಿಯಲ್ಲ, ಆಯ್ದ ಅಕ್ಕಿ. ಆದರೂ ಬೇಕಾದುದಕ್ಕಿಂತ ಹೆಚ್ಚು ತನ್ನದಲ್ಲವೆಂಬುದು ಆ ತಾಯಿಯ ನಿಲುವು. ದುಡ್ಡು ಕೊಟ್ಟುದರಿಂದ ಹೆಚ್ಚಿನದೂ ನನ್ನದಾಯಿತೆಂದು ತಿಳಿದ ನನಗೆ ಆ ಕಥೆಯನ್ನು ಎಷ್ಟು ಬಾರಿ ಕೇಳಿದ್ದರೂ ಅರ್ಥವಾಗಿರಲಿಲ್ಲವೆಂದೇ ಹೇಳಬೇಕು.

ಆ ಟವೆಲಿನ ಚೀಟಿಯ ವಿಷಯದಲ್ಲಿ ಅಮೆರಿಕದ ವಿದ್ವಾಂಸರು ಹೋಟೆಲೊಂದರಲ್ಲಿ ಪರೀಕ್ಷೆ ನಡೆಸಿ 2008ರಲ್ಲಿ ಅದರ ಫಲವನ್ನು ಪ್ರಕಟಿಸಿದ್ದಾರೆ. ಪರಿಸರವನ್ನು ಉಳಿಸಿರೆಂದು ಮಾತ್ರ ಕೇಳಿಕೊಂಡಾಗ ಶೇಕಡ 35ರಷ್ಟು ಅತಿಥಿಗಳು ಟವೆಲನ್ನು ಮರುಬಳಕೆ ಮಾಡಿದರು. ಇತರ ಅತಿಥಿಗಳಲ್ಲಿ ಹೆಚ್ಚಿನವರು ಹಾಗೆ ಮಾಡುತ್ತಾರೆಂದು ಬರೆದಾಗ ಆ ಪ್ರಮಾಣ ಶೇಕಡ 44ಕ್ಕೆ ಏರಿತು. ಉಪದೇಶಕ್ಕಿಂತ ನೆರೆಯವರ ನಡತೆಗೆ ಬಲ ಹೆಚ್ಚು. ದಾಸೋಹದ ಪಂಕ್ತಿಯಲ್ಲಿ ಪಕ್ಕದವರು ಎಲೆಯನ್ನು ಬರಿದಾಗಿಸಿ ಎದ್ದರೆ ನಾವೂ ಅಗುಳು ಬಿಡಲು ನಾಚುವುದಿಲ್ಲವೆ? ಹಾಗೆಯೇ ಎಲ್ಲರೂ ಚೆಲ್ಲಿದರೆ ಚೆಲ್ಲುವುದೇ ರೂಢಿಯಾಗುತ್ತದೆ.

ಅದನ್ನು ಅಂದು ಸಂಜೆಯೇ ಕಣ್ಣಾರೆ ಕಂಡೆವು. ಆರತಕ್ಷತೆಯ ಮಂಟಪದಲ್ಲಿ ಅರ್ಧ ಕುಡಿದು ಬಿಟ್ಟ ಪುಟ್ಟ ನೀರಿನ ಬಾಟಲಿಗಳು ಮೇಜುಗಳ ಮೇಲೆ ಸಾಲಾಗಿದ್ದವು. ಒಂದು ತುತ್ತು ಮಾತ್ರ ಮುಟ್ಟಿದ ಸಿಹಿತಿನಿಸುಗಳು ತೊಟ್ಟಿಯಲ್ಲಿ ತುಂಬಿದ್ದವು. ನನ್ನ ಪತ್ನಿ ಮೆಲ್ಲಗೆ, "ನಮ್ಮ ಗೃಹಪ್ರವೇಶ ನೆನಪಾಯಿತೆ?" ಎಂದು ಕೇಳಿದಳು. ನಾನು ತಲೆ ತಗ್ಗಿಸಿದೆ. ಎರಡು ವರ್ಷಗಳ ಹಿಂದೆ ನಮ್ಮ ಮನೆಯ ಗೃಹಪ್ರವೇಶದಲ್ಲಿ ಬಳಸಿದ ಲೋಟ, ಬಾಟಲಿ, ಎಂಜಲು ತುಂಬಿದ ಚೀಲಗಳನ್ನು ಕೆಲಸದವರು ಕೆರೆಯ ಏರಿಯ ಕೆಳಗೆ ಸುರಿದು ಬಂದಿದ್ದರು. ಎಲ್ಲಿ ಹಾಕಿದಿರೆಂದು ನಾನು ಕೇಳಿರಲಿಲ್ಲ. ಕೆಲವು ದಿನಗಳಲ್ಲಿ ನೆರೆಮನೆಯವರ ಕರೆಯುವ ಹಸು ಮೇವು ಬಿಟ್ಟು ಹೊಟ್ಟೆಯುಬ್ಬಿ ಸತ್ತಿತು. ಅದು ನಮ್ಮ ಮನೆಯ ಚೀಲವನ್ನೇ ತಿಂದಿತೆಂದು ಯಾರೂ ಹೇಳಲಿಲ್ಲ, ಅಲ್ಲವೆಂದೂ ನಾನು ಹೇಳಲಾರೆ. ಆ ಮನೆಯ ತಾಯಿ ಇಂದಿಗೂ ನಮ್ಮನ್ನು ಕಂಡರೆ ನಗುಮುಖದಿಂದಲೇ ಮಾತನಾಡುತ್ತಾರೆ. ಅದೇ ನನಗೆ ಹೆಚ್ಚು ನೋವಿನ ಸಂಗತಿ.

ಬರುವ ಫಾಲ್ಗುಣ ಮಾಸದಲ್ಲಿ ನನ್ನ ಮಗನ ವಿವಾಹ ನಿಶ್ಚಯವಾಗಿದೆ. ಬೀಗರು ಚಾಮರಾಜನಗರದವರು. ಬೆಂಗಳೂರಿನಿಂದ ಮರಳಿದ ವಾರದಲ್ಲಿಯೇ ಅವರ ಮನೆಗೆ ಹೋಗಿ ನಮ್ಮ ಕೋರಿಕೆಯನ್ನು ಮುಂದಿಟ್ಟೆವು. ಬಾಳೆಯೆಲೆಯ ಊಟ, ಸ್ಟೀಲಿನ ಲೋಟಗಳಲ್ಲಿ ನೀರು, ಕೇಳಿದಷ್ಟೇ ಬಡಿಸುವುದು, ಎಂಜಲೆಲೆಗಳು ನಮ್ಮ ತೋಟದ ಗೊಬ್ಬರದ ಗುಂಡಿಗೆ. ಪ್ಲಾಸ್ಟಿಕ್ಕಿನ ತಟ್ಟೆ, ಲೋಟಗಳನ್ನು 2022ರ ಜುಲೈ 1ರಿಂದ ಕೇಂದ್ರ ಸರ್ಕಾರವೇ ನಿಷೇಧಿಸಿದೆ. ನೀರಿನ ಬಾಟಲಿ ಆ ಪಟ್ಟಿಯಲ್ಲಿಲ್ಲ, ಅದನ್ನು ನಾವೇ ಬಿಡಬೇಕು. ಬೀಗರು ಸ್ವಲ್ಪ ಹೊತ್ತು ಮೌನವಾಗಿದ್ದರು. "ಬಾಟಲಿ ಇಡದಿದ್ದರೆ ಜಿಪುಣತನವೆಂದು ಜನ ಆಡಿಕೊಳ್ಳುವುದಿಲ್ಲವೆ? ನಮ್ಮ ಹುಡುಗಿಯ ಮರ್ಯಾದೆಯ ಪ್ರಶ್ನೆ" ಎಂದರು. ಅವರ ಅಳುಕು ಸುಳ್ಳಲ್ಲ. ಹೆಣ್ಣು ಹೆತ್ತವರಿಗೆ ಆ ಭಯ ಸಹಜ. ಆಗ ಅವ್ವ, "ಆಡಿಕೊಂಡರೆ ಗಂಡಿನ ಅಜ್ಜಿಯ ಹಟ ಅಂತ ಹೇಳಿ ತಾಯಿ, ಮಾತು ನನಗಿರಲಿ" ಎಂದು ಬೀಗಿತಿಯವರ ಕೈ ಹಿಡಿದರು. ಅವರು ನಕ್ಕು ಒಪ್ಪಿದರು.

ಬಂಧುಗಳೇ, ನಮ್ಮ ಸೀಮೆಯವರು ಅತಿಥಿಗಳು ಮಾತ್ರವಲ್ಲ, ಆತಿಥೇಯರೂ ಹೌದು. ಊಟಿಗೆ, ವೈನಾಡಿಗೆ ಹೋಗುವ ಅನೇಕರು ಗುಂಡ್ಲುಪೇಟೆಯನ್ನು ದಾಟಿ ಹೋಗುತ್ತಾರೆ. ಬಂಡೀಪುರದ ಸುತ್ತ ವಸತಿಗೃಹಗಳು ಬೆಳೆದಿವೆ. ವನ್ಯಜೀವಿಗಳ ರಕ್ಷಣೆಗಾಗಿ ಆ ಕಾಡಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಸಂಚಾರವನ್ನು ನಿರ್ಬಂಧಿಸಲಾಗಿದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ಬಿಡದೆ ಸರ್ಕಾರಿ ಬಸ್ಸಿನಲ್ಲಿಯೇ ಕರೆದೊಯ್ಯುತ್ತಾರೆ. ಮೊದಲು ಗೊಣಗಿದವರೂ ಇಂದು ಅದಕ್ಕೆ ಹೊಂದಿಕೊಂಡಿದ್ದಾರೆ. ಬಸ್ಸಿಗಾಗಿ ಸಾಲಿನಲ್ಲಿ ನಿಲ್ಲುವುದು ರೂಢಿಯಾಗಬಹುದಾದರೆ ಮದುವೆಯ ಮನೆಯಲ್ಲಿ ಲೋಟ ತೊಳೆದಿಡುವುದು ಏಕೆ ರೂಢಿಯಾಗಬಾರದು? ನಮ್ಮ ಮನೆಗಳಲ್ಲಿ ಮೊದಲಾದರೆ ಬಂದ ಅತಿಥಿಗಳೂ ಕಂಡು ಕಲಿತಾರು.

ಹೋಟೆಲು ಬಿಡುವ ಮುಂಜಾನೆ ಅವ್ವ ತಮ್ಮ ಟವೆಲನ್ನು ಮಡಿಸಿ ಗೂಟಕ್ಕೆ ಹಾಕಿ, ದೀಪ ಆರಿಸಿ, ಬಕೆಟ್ಟನ್ನು ಬೋರಲು ಹಾಕಿ ಹೊರಬಂದರು. ಅವರಿಗೆ ಆ ಚೀಟಿಯನ್ನು ಓದಲು ಬಾರದು.