ನೆತ್ತರು ಕಾಣದ ಪೆಟ್ಟು

ಬಾಣಾವರದ ಕಡೆ ಕೊಬ್ಬರಿ ಆಯಿತೋ ಇಲ್ಲವೋ ಎಂದು ತಿಳಿಯಲು ಯಾರೂ ಕಾಯಿ ಒಡೆಯುವುದಿಲ್ಲ. ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷ ಕಳೆದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಗಿಟುಕು ಲೊಟಲೊಟ ಎಂದರೆ ಚಿಪ್ಪು ಬಿಟ್ಟಿದೆ ಎಂದರ್ಥ. ಸಿಪ್ಪೆ ಹಾಗೇ ಇದೆ, ಚಿಪ್ಪಿನಲ್ಲಿ ಒಂದು ಬಿರುಕೂ ಇಲ್ಲ, ಅಲ್ಲಾಡುವುದು ಒಳಗಿನದು.

ಕಳೆದ ವರ್ಷ ನಮ್ಮ ಸೀಮೆಯ ಹೊನಲು ಬೆಳಕಿನ ಕಬಡ್ಡಿಯೊಂದರಲ್ಲಿ ಈ ಸದ್ದು ನೆನಪಾಯಿತು. ರೈಡ್‌ಗೆ ಬಂದವನ ಕಾಲು ಹಿಡಿಯಲು ಕಾರ್ನರಿನ ಹುಡುಗ ನುಗ್ಗಿದ, ಅದೇ ಗಳಿಗೆಗೆ ಪಕ್ಕದವನೂ ಎಗರಿದ. ತಲೆಗೆ ತಲೆ. ಹುಡುಗ ಎದ್ದ, ಸುತ್ತ ನೋಡಿದ, ನೇರ ಹೋಗಿ ಎದುರು ತಂಡದ ಸಾಲಿನಲ್ಲಿ ನಿಂತ. ಜನ ನಕ್ಕರು. ಯಾರೋ ತಲೆಗೆ ನೀರು ಹೊಯ್ದು, "ರಕ್ತ ಬಂದಿಲ್ಲ ಕಣ್ಲಾ, ಏನೂ ಆಗಿಲ್ಲ, ಆಡು" ಅಂದರು. ಆಡಿದ. ನಕ್ಕವರಲ್ಲಿ ನಾನೂ ಒಬ್ಬ.

ರಕ್ತವೇ ಸಾಕ್ಷಿ ಎಂಬುದು ನಮ್ಮ ಹಳೆಯ ನಂಬಿಕೆ. ಮೈಸೂರು ದಸರೆಯ ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಗಳು ಎದುರಾಳಿಯ ಬೋಳಿಸಿದ ತಲೆಗೇ ಗುರಿಯಿಡುತ್ತಾರೆ. ನೆತ್ತರು ಕಂಡಿತೋ, ಕಾಳಗ ಮುಗಿಯಿತು. ನೋಡಲು ಕ್ರೂರ, ಆದರೆ ಅದಕ್ಕೊಂದು ನಿಲುಗಡೆಯುಂಟು. ನೆತ್ತರೇ ಕಾಣದ ಪೆಟ್ಟಿಗೆ ಎಲ್ಲಿ ನಿಲ್ಲಿಸಬೇಕು?

2002ರ ಮೇ ತಿಂಗಳಲ್ಲಿ ನಮ್ಮ ಅನಿಲ್ ಕುಂಬ್ಳೆ ಆಂಟಿಗುವಾದಲ್ಲಿ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು 14 ಓವರ್ ಎಸೆದು ಲಾರಾ ವಿಕೆಟ್ ಕಿತ್ತರು. ಆ ಚಿತ್ರ ಕನ್ನಡಿಗರ ಎದೆಯಲ್ಲಿ ಇನ್ನೂ ಇದೆ, ಇರಲಿ. ಅಲ್ಲಿ ಪೆಟ್ಟು ಎಲ್ಲರಿಗೂ ಕಾಣುತ್ತಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ಮೈಕ್ ವೆಬ್‌ಸ್ಟರ್ ತಮ್ಮ 50ನೇ ವಯಸ್ಸಿನಲ್ಲಿ ತೀರಿಕೊಂಡರು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡಕ್ಕೆ ನಾಲ್ಕು ಸೂಪರ್ ಬೌಲ್ ಪ್ರಶಸ್ತಿ ಗೆದ್ದುಕೊಟ್ಟ ಅಮೆರಿಕನ್ ಫುಟ್‌ಬಾಲ್ ಆಟಗಾರ. ಕೊನೆಗಾಲದಲ್ಲಿ ನೆನಪು ಕೆಟ್ಟು, ಮನೆ ಬಿಟ್ಟು, ಟ್ರಕ್ಕಿನಲ್ಲಿ ಮಲಗುತ್ತಿದ್ದರು. ಶವಪರೀಕ್ಷೆ ಮಾಡಿದ ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು ಅವರ ಕಣ್ಣಿಗೆ ಮೆದುಳು ಸಹಜವಾಗಿಯೇ ಕಂಡಿತು. ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟಾಗಲೇ ಟೌ ಎಂಬ ಪ್ರೋಟೀನು ಗಂಟುಗಟ್ಟಿದ್ದು ಗೊತ್ತಾದದ್ದು. ಆಟದಲ್ಲಿ ತಲೆಗೆ ಬಿದ್ದ ಪೆಟ್ಟುಗಳಿಂದ ಬಂದ ಈ ಬೇನೆಯ ಬಗ್ಗೆ 2005ರಲ್ಲಿ ಅವರು ಬರೆದ ಲೇಖನವನ್ನು ಹಿಂಪಡೆಯಬೇಕೆಂದು ಆ ಫುಟ್‌ಬಾಲ್ ಲೀಗಿನ ವೈದ್ಯರೇ ಪಟ್ಟು ಹಿಡಿದರು.

ಅಮೆರಿಕದ ಫುಟ್‌ಬಾಲಿಗೂ ನಮ್ಮದಕ್ಕೂ ಹೆಸರಷ್ಟೇ ಒಂದು. ಚೆಂಡು ಅವುಚಿಕೊಂಡು ಓಡುವವನನ್ನು ಹಿಡಿದು ಕೆಡವುವ ಆಟ, ಕಬಡ್ಡಿಗೇ ಹತ್ತಿರ. ಅವರ ತಲೆಗೆ ಗಟ್ಟಿ ಹೆಲ್ಮೆಟ್ ಇದೆಯಲ್ಲ ಎನ್ನಬಹುದು. ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಯುತ್ತದೆ. ಓಡುವ ತಲೆ ಗಕ್ಕನೆ ನಿಂತಾಗ ಒಳಗಿನ ಮೆದುಳು ನಿಲ್ಲುವುದಿಲ್ಲ. ಗಿಟುಕಿಗೆ ಸಿಪ್ಪೆ ಎಷ್ಟು ದಪ್ಪವಿದ್ದರೇನು? ಮೇಲಾಗಿ ಹೆಲ್ಮೆಟ್ ಬಂದ ಮೇಲೆ ತಲೆಯನ್ನೇ ಗುದ್ದುವ ಆಯುಧ ಮಾಡಿಕೊಂಡವರೂ ಉಂಟು. ತಲೆ ಸುತ್ತಿ ಬೀಳಿಸುವ ಒಂದು ದೊಡ್ಡ ಪೆಟ್ಟಿಗಿಂತ, ಏನೂ ಅನ್ನಿಸದ ಸಾವಿರ ಸಣ್ಣ ಗುದ್ದುಗಳು ವರ್ಷಾನುಗಟ್ಟಲೆ ಸೇರಿ ಮಾಡುವ ಕೇಡೇ ಈ ಬೇನೆಯ ತಿರುಳು.

2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ತಂಡ ಆ ಲೀಗಿನ 111 ಮಾಜಿ ಆಟಗಾರರ ಮೆದುಳು ನೋಡಿ 110ರಲ್ಲಿ ಈ ಬೇನೆ ಕಂಡಿತು. ತೊಂದರೆ ಕಂಡ ಮನೆಯವರೇ ಹೆಚ್ಚಾಗಿ ಮೆದುಳು ದಾನ ಕೊಟ್ಟಿದ್ದರಿಂದ, ಆಡಿದವರೆಲ್ಲರ ಲೆಕ್ಕ ಇದೇ ಎನ್ನಲಾಗದು. ಆದರೂ ಆಟ ಬದಲಾಯಿತು: ಮಾಜಿ ಆಟಗಾರರಿಗೆ ಭಾರೀ ಪರಿಹಾರ, 2024ರಲ್ಲಿ ಕಿಕ್‌ಆಫ್‌ಗೆ ಹೊಸ ನಿಯಮ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಸೇರಿರುವುದು ಕೆಡವುವ ಆಟವಲ್ಲ, ಸೊಂಟದ ಪಟ್ಟಿ ಕಿತ್ತರೆ ಮುಗಿಯುವ ಫ್ಲ್ಯಾಗ್ ಫುಟ್‌ಬಾಲ್. ಕ್ರಿಕೆಟ್ಟೂ 2019ರ ಆಗಸ್ಟಿನಿಂದ ತಲೆಗೆ ಪೆಟ್ಟಾದವನ ಬದಲಿಗೆ ಪೂರ್ತಿ ಆಡುವ ಆಟಗಾರನನ್ನು ಒಪ್ಪಿತು.

ಬದಲಿ ಆಟಗಾರನಿಗಾಗಿ ಕಬಡ್ಡಿ ಹೊಸ ನಿಯಮಕ್ಕೆ ಕಾಯಬೇಕಿಲ್ಲ. ಅಂಕಣದಲ್ಲಿ ಏಳು ಜನ, ಹೊರಗೆ ಐವರು ಎಂಬುದು ಅದರ ನಿಯಮ. ಆ ರಾತ್ರಿಯೂ ಗೆರೆಯಾಚೆ ಐದು ಹುಡುಗರು ಮಂಡಿಗೆ ಪಟ್ಟಿ ಸುತ್ತಿಕೊಂಡು ಕೂತೇ ಇದ್ದರು.