ಶಸ್ತ್ರಕ್ಕೆ ಮುನ್ನ ನಕ್ಷೆ

ಮನೆಯನ್ನು ಕಟ್ಟುವವನು ತಳಪಾಯ ತೋಡುವ ಮೊದಲೇ ನಕ್ಷೆ ಬರೆಯಿಸುತ್ತಾನೆ. ಎದೆಯನ್ನು ತೆರೆಯುವ ಶಸ್ತ್ರವೈದ್ಯನಿಗಾದರೋ ಬಹುಕಾಲ ಅಂತಹ ನಕ್ಷೆ ಲಭ್ಯವಿರಲಿಲ್ಲ. 1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಕ್ಷ-ಕಿರಣವು ನೆರಳನ್ನು ತೋರಿಸಿತೇ ಹೊರತು ಆಳವನ್ನಲ್ಲ. 1933ರಲ್ಲಿ ಅಮೆರಿಕೆಯ ಎವಾರ್ಟ್ಸ್ ಗ್ರಹಾಂ ಅವರು ಅರ್ಬುದ ತಗುಲಿದ ಶ್ವಾಸಕೋಶವೊಂದನ್ನು ಇಡಿಯಾಗಿ ತೆಗೆದು ರೋಗಿಯನ್ನು ಉಳಿಸಿದರು. ಅಂದು ಅದೇ ಮಹತ್ಸಾಧನೆ. ಇಂದಿನ ಪ್ರಶ್ನೆ ಬೇರೆ: ಎಷ್ಟನ್ನು ತೆಗೆಯಬಹುದೆಂಬುದಲ್ಲ, ಎಷ್ಟನ್ನು ಉಳಿಸಬಹುದೆಂಬುದು.

ಬಲ ಶ್ವಾಸಕೋಶದಲ್ಲಿ ಮೂರು ಹಾಲೆಗಳು, ಎಡದಲ್ಲಿ ಎರಡು. ಪ್ರತಿ ಹಾಲೆಯಲ್ಲಿಯೂ ತನ್ನದೇ ಶ್ವಾಸನಾಳ, ತನ್ನದೇ ಅಪಧಮನಿಯುಳ್ಳ ಖಂಡಗಳಿವೆ. ಜಪಾನಿನ ವೈದ್ಯರು 1,106 ರೋಗಿಗಳಲ್ಲಿ ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನವು, ಅಂಚಿನಲ್ಲಿದ್ದ ಎರಡು ಸೆಂಟಿಮೀಟರ್ ಮೀರದ ಗೆಡ್ಡೆಗಳನ್ನು ಕುರಿತದ್ದು. ಐದು ವರ್ಷಗಳ ತರುವಾಯ ಬದುಕಿದ್ದವರು, ಹಾಲೆ ತೆಗೆಸಿಕೊಂಡವರಲ್ಲಿ ಶೇ. 91.1, ಖಂಡವನ್ನಷ್ಟೇ ತೆಗೆಸಿಕೊಂಡವರಲ್ಲಿ ಶೇ. 94.3. ಆದರೆ ರೋಗವು ಸ್ಥಳದಲ್ಲಿಯೇ ಮರುಕಳಿಸಿದ ಪ್ರಮಾಣ ಹಾಲೆಯವರಲ್ಲಿ ಶೇ. 5.4 ಇದ್ದರೆ, ಖಂಡದವರಲ್ಲಿ ಶೇ. 10.5 ಇತ್ತು. ಆದುದರಿಂದ ಕಡಿಮೆ ಕೊಯ್ಯುವವನು ಹೆಚ್ಚು ನಿಖರವಾಗಿ ಕೊಯ್ಯಬೇಕು.

ಇಲ್ಲಿಯೇ ಮೂರು ಆಯಾಮದ ಚಿತ್ರದ ಅಗತ್ಯವಿರುವುದು. ರಕ್ತನಾಳಗಳ ಕವಲು ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನ. ಪಠ್ಯಪುಸ್ತಕದ ಚಿತ್ರ ಎಲ್ಲರ ಎದೆಗೂ ಹೊಂದದು. ಸಿ.ಟಿ. ಯಂತ್ರವು ಸುಮಾರು ಒಂದು ಮಿಲಿಮೀಟರ್ ದಪ್ಪದ ಪದರಗಳಾಗಿ ತೆಗೆದ ಚಿತ್ರಗಳನ್ನು ಗಣಕಯಂತ್ರವು ಜೋಡಿಸಿ, ನಾಳಗಳಿಗೆ ಬೇರೆ ಬೇರೆ ಬಣ್ಣವಿತ್ತು, ಆ ರೋಗಿಯ ಶ್ವಾಸಕೋಶವನ್ನೇ ವೈದ್ಯನೆದುರು ತಿರುಗಿಸಿ ತೋರಿಸುತ್ತದೆ. ಯಾವ ಕವಲನ್ನು ಕಟ್ಟಬೇಕು, ಯಾವುದನ್ನು ಮುಟ್ಟಬಾರದು, ಗೆಡ್ಡೆಯ ಸುತ್ತ ಎಷ್ಟು ಅಂಚನ್ನು ಬಿಡಬೇಕು ಎಂಬುದು ಮೊದಲೇ ನಿಶ್ಚಯವಾಗುತ್ತದೆ.

ನುರಿತ ವೈದ್ಯನಿಗೆ ಪದರಚಿತ್ರಗಳೇ ಸಾಕು, ಉಳಿದುದನ್ನು ಅವನು ಮನಸ್ಸಿನಲ್ಲಿಯೇ ಕಟ್ಟಿಕೊಳ್ಳಬಲ್ಲ ಎನ್ನುವವರುಂಟು. ನಿಜ, ಆದರೆ ಎಲ್ಲರೂ ನುರಿತವರಲ್ಲ. ಕಲಿಯುವವನ ತಪ್ಪಿಗೆ ರೋಗಿಯ ಉಸಿರು ಬೆಲೆಯಾಗಬಾರದು. ಖಂಡವನ್ನಷ್ಟೇ ತೆಗೆಯುವೆಡೆ ಈ ನಕ್ಷೆಯು ಅಲಂಕಾರವೆನಿಸದೆ ವಾಡಿಕೆಯಾಗಬೇಕೆಂಬುದೇ ನನ್ನ ಅಭಿಪ್ರಾಯ.

ಹಾಗೆಂದು ನಕ್ಷೆಯೇ ನೆಲವಲ್ಲ. ಚಿತ್ರ ತೆಗೆಯುವಾಗ ಶ್ವಾಸಕೋಶವು ಉಸಿರು ತುಂಬಿ ಉಬ್ಬಿರುತ್ತದೆ. ಶಸ್ತ್ರಕ್ರಿಯೆಯ ವೇಳೆ ಕುಗ್ಗಿರುತ್ತದೆ. ಈ ಅಂತರವನ್ನರಿತು ನಕ್ಷೆಯನ್ನು ಓದಬಲ್ಲವನಿಲ್ಲದಿದ್ದರೆ ಯಂತ್ರವು ನಿಷ್ಪ್ರಯೋಜಕ.

ಆದಕಾರಣ ದಾನಿಗಳಲ್ಲಿ ಒಂದು ಬಿನ್ನಹ: ಆಸ್ಪತ್ರೆಗೆ ಯಂತ್ರವನ್ನು ಕೊಡುವಾಗ, ಅದನ್ನು ಬಳಸುವವರ ತರಬೇತಿಗೂ ಒಂದು ಪಾಲನ್ನು ತೆಗೆದಿರಿಸಿ. ಉಪಾಧ್ಯಾಯ ಮಿತ್ರರಲ್ಲಿ ಇನ್ನೊಂದು: ಪೇರಲ ಹಣ್ಣೊಂದನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಒಂದೊಂದರಲ್ಲಿಯೂ ಬೀಜಗಳಿರುವ ಎಡೆಯನ್ನು ಮಕ್ಕಳಿಂದ ಬರೆಯಿಸಿ, ಇಡೀ ಹಣ್ಣಿನ ಒಳರೂಪವನ್ನು ಜೇಡಿಮಣ್ಣಿನಲ್ಲಿ ಮಾಡಿಸಿ. ಪದರಗಳಿಂದ ಪೂರ್ಣವನ್ನು ಕಾಣುವ ಕಣ್ಣು ತರಗತಿಯಲ್ಲಿಯೇ ತೆರೆಯತಕ್ಕದ್ದು.