ಮೂರು ಅಂಗಿಗಳ ಲೆಕ್ಕ

ಮನುಷ್ಯನೊಬ್ಬನಿಗೆ ಎಷ್ಟು ಬಟ್ಟೆ ಸಾಕು ಎಂಬ ಪ್ರಶ್ನೆಗೆ ಜವಳಿ ಅಂಗಡಿಯವರದು ಒಂದು ಉತ್ತರ, ವೇದಾಂತಿಗಳದು ಇನ್ನೊಂದು. ಇಬ್ಬರನ್ನೂ ಬಿಟ್ಟು ಬಟ್ಟೆ ಒಗೆಯುವವರನ್ನು ಕೇಳಿದರೆ ದೊರೆಯುವ ಉತ್ತರವೇ ಬೇರೆ. ಅದು ಊರಿಂದ ಊರಿಗೆ ಬದಲಾಗುತ್ತದೆ.

ಕಡೂರಿನಲ್ಲಿ ಬಹುಕಾಲ ಪಾಠ ಹೇಳಿದ ಪ್ರಾಥಮಿಕ ಶಾಲೆಯ ಮೇಷ್ಟ್ರೊಬ್ಬರಿಗೆ ತರೀಕೆರೆಗೆ ವರ್ಗವಾಯಿತೆಂದು ಇಟ್ಟುಕೊಳ್ಳಬಹುದು. ಕಡೂರಿನಲ್ಲಿ ಅವರ ವಸ್ತ್ರಭಂಡಾರ ಪರಿಪೂರ್ಣವಾಗಿತ್ತು: ಮೂರು ಅಂಗಿ, ಎರಡು ಷರಾಯಿ, ಮನೆಯಲ್ಲಿ ಉಡಲು ಎರಡು ಪಂಚೆ. ಮದುವೆ ಮುಂಜಿಗಳಿಗೆಂದು ಪೆಟ್ಟಿಗೆಯ ತಳದಲ್ಲಿ ಮಲಗಿರುವ ರೇಷ್ಮೆಯ ಶಲ್ಯವನ್ನು ಈ ಲೆಕ್ಕದಲ್ಲಿ ಸೇರಿಸಬೇಕಾಗಿಲ್ಲ. ಅದು ಬಟ್ಟೆಯಲ್ಲ, ಆಸ್ತಿ. ಒಂದು ಅಂಗಿ ಮೈಮೇಲೆ, ಒಂದು ತಂತಿಯ ಮೇಲೆ, ಒಂದು ಮಡಿಸಿ ಗೂಡಿನಲ್ಲಿ. ಕಡೂರಿನ ಬಿಸಿಲು ಬೆಳಿಗ್ಗೆ ಹರವಿದ್ದನ್ನು ಮಧ್ಯಾಹ್ನದೊಳಗೆ ಗರಿಗರಿಯಾಗಿ ಒಪ್ಪಿಸುತ್ತಿತ್ತು.

ತರೀಕೆರೆಗೆ ಒಂದು ಗಂಟೆಯ ಬಸ್ಸಿನ ದಾರಿಯೂ ಇಲ್ಲ. ಆದರೆ ಅಲ್ಲಿ ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಹಾಸುತ್ತದೆ. ದಕ್ಷಿಣಕ್ಕೆ ಕೆಮ್ಮಣ್ಣುಗುಂಡಿಯ ಬೆಟ್ಟಗಳು, ಲಕ್ಕವಳ್ಳಿಯ ಕಡೆ ಭದ್ರೆಯ ಕಾಡು. ಆಷಾಢದ ಜಡಿಮಳೆ ಹಿಡಿಯಿತೆಂದರೆ ಒಗೆದ ಅಂಗಿ ಮೂರು ದಿನವಾದರೂ ಒಣಗದು. ಒಣಗಿತೆಂದು ತೊಟ್ಟರೆ ಮುಗ್ಗಲು ವಾಸನೆ. ಬಟ್ಟೆ ಒಣಗಲು ಹಿಡಿಯುವ ದಿನಗಳಿಗೆ ಎರಡನ್ನು ಕೂಡಿಸಿದರೆ ಬೇಕಾದ ಅಂಗಿಗಳ ಸಂಖ್ಯೆ ಬರುತ್ತದೆಂಬುದು ಗೃಹಿಣಿಯರ ಬೀಜಗಣಿತ. ಕಡೂರಿನಲ್ಲಿ ಮೂರು ಸಾಕಾದವರಿಗೆ ತರೀಕೆರೆಯಲ್ಲಿ ಐದು ಬೇಕಾಗುವುದು ಹೀಗೆ. ಸಂಬಳವೋ, ಎರಡು ಊರಿನಲ್ಲಿಯೂ ಒಂದೇ. ಸಂಬಳದ ಚೀಟಿಯಲ್ಲಿ ಮಳೆಭತ್ಯೆ ಎಂಬ ಕಾಲಮನ್ನು ಯಾರೂ ಇನ್ನೂ ಸೇರಿಸಿಲ್ಲ.

ಹಾಗೆಂದು ಕಡೂರಿನ ಬಿಸಿಲು ಪುಕ್ಕಟೆಯಾಗಿ ದೊರೆಯುವುದಿಲ್ಲ. ಕೊಳವೆಬಾವಿಯ ಗಡಸು ನೀರಿನಲ್ಲಿ ಸುಣ್ಣದ ಅಂಶ ಸಾಬೂನಿನೊಡನೆ ಸೇರಿ ನೊರೆಯ ಬದಲು ಜಿಡ್ಡು ಕಟ್ಟುತ್ತದೆ. ಆ ಜಿಡ್ಡು ನೂಲಿನ ಸಂದಿಗೆ ಇಳಿದು ಬಿಳಿಯ ಅಂಗಿಯನ್ನು ಬೂದಿಬಣ್ಣಕ್ಕೆ ತಿರುಗಿಸುತ್ತದೆ. ಉಜ್ಜಿದಷ್ಟೂ ಬಟ್ಟೆ ಸವೆಯುತ್ತದೆಯೇ ಹೊರತು ಬೆಳ್ಳಗಾಗುವುದಿಲ್ಲ. ತರೀಕೆರೆಯ ಸೂರಿನಿಂದಿಳಿಯುವ ಮಳೆನೀರಿನಲ್ಲಾದರೋ ಚಿಟಿಕೆ ಸಾಬೂನಿಗೆ ಬುಟ್ಟಿ ನೊರೆ. ಒಗೆಯಲು ಅನುಕೂಲವಾದ ನೀರಿರುವಲ್ಲಿ ಒಣಗಿಸುವ ಬಿಸಿಲಿಲ್ಲ. ತೋಟದ ಕೆಲಸದವರ ಲೆಕ್ಕ ಇನ್ನೂ ಕಷ್ಟದ್ದು. ಅಡಿಕೆಯ ಚೊಗರು ಒಮ್ಮೆ ತಗುಲಿದರೆ ಯಾವ ನೀರಿಗೂ ಬಿಡದಾದ್ದರಿಂದ, ಇರುವ ಎರಡು ಮೂರರಲ್ಲಿ ಒಂದನ್ನು ಅಡಿಕೆಗೆಂದೇ ಬಲಿಕೊಡಬೇಕು. ಅಜ್ಜಂಪುರದ ಈರುಳ್ಳಿ ಹೊಲಗಳಲ್ಲಿ ಮಳೆ ಬಿದ್ದ ಮರುದಿನ ಎರೆಮಣ್ಣು ಮಾಡುವ ಉಪಚಾರವೂ ಇದೇ.

1941ರಲ್ಲಿ ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಟೆರಿಲೀನ್ ನೂಲನ್ನು ಕಂಡುಹಿಡಿದಾಗ ತರೀಕೆರೆಯ ಮಳೆಗಾಲ ಅವರ ಮನಸ್ಸಿನಲ್ಲಿ ಸುಳಿದಿರಲಾರದು. ಆದರೂ ಆ ನೂಲಿನಿಂದ ಅತ್ಯಧಿಕ ಉಪಕಾರವಾದದ್ದು ಇಂಥ ಊರಿನ ಬಡವರಿಗೆ. ಅದು ನೀರನ್ನು ಹೀರುವುದೇ ಅಲ್ಪ. ರಾತ್ರಿ ಒಗೆದು ಬಚ್ಚಲುಮನೆಯಲ್ಲಿ ನೇತುಹಾಕಿದರೆ ಬೆಳಿಗ್ಗೆ ತೊಡಬಹುದು. ಐದು ಅಂಗಿಗಳ ಅಗತ್ಯವನ್ನು ಅದು ಮತ್ತೆ ಮೂರಕ್ಕೆ ಇಳಿಸಿತು. ಟೆರಿಕಾಟನ್ನು ಹಳಿಯುವ ಖಾದಿಪ್ರಿಯರು ಒಂದು ಶ್ರಾವಣವನ್ನು ಅಲ್ಲಿ ಕಳೆದು ಅನಂತರ ಮಾತನಾಡುವುದು ಉಚಿತ.

ಅದರ ಕೊರತೆ ಕಾಣುವುದು ಬಟ್ಟೆ ಹಳತಾದ ಮೇಲೆ. ಹತ್ತಿಯ ಅಂಗಿಗೆ ಹಲವು ಜನ್ಮಗಳಿದ್ದವು. ಕಾಲರು ಸವೆದಾಗ ದರ್ಜಿ ಅದನ್ನು ಬಿಚ್ಚಿ, ಮಗುಚಿ, ಒಳಮೈ ಹೊರಗಾಗುವಂತೆ ಹೊಲಿದುಕೊಡುತ್ತಿದ್ದ. ಅಲ್ಲಿಗೆ ಇನ್ನೊಂದು ವರ್ಷ. ಮುಂದೆ ಮನೆಯಂಗಿ, ಬಳಿಕ ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆ, ಕೊನೆಗೆ ಜಾತ್ರೆಯ ಪಂಜಿಗೆ ಸುತ್ತುವ ಚಿಂದಿ. ಅಮ್ಮನ ಸೀರೆ ತೊಟ್ಟಿಲಾಗಿ ಕೌದಿಯಾಗುತ್ತಿತ್ತು. ಟೆರಿಕಾಟು ಬಹುಕಾಲ ಬಾಳಿದರೂ ಸಾಯುವುದು ಒಂದೇ ಸಲ. ಮಸಿಬಟ್ಟೆ ಮಾಡಿದರೆ ಬಿಸಿಗೆ ಕರಗಿ ಕೈ ಸುಡುತ್ತದೆ. ನೆಲ ಒರಸಿದರೆ ನೀರನ್ನು ಅತ್ತಿಂದಿತ್ತ ತಳ್ಳುತ್ತದೆ. ಹಳೆಯ ಬಟ್ಟೆ ಪೂರೈಸುತ್ತಿದ್ದ ಈ ಸಣ್ಣ ಸಾಮಗ್ರಿಗಳನ್ನೆಲ್ಲ ಈಗ ಹಣ ಕೊಟ್ಟು ತರಬೇಕು.

ಕೊಳ್ಳುವಾಗಿನ ತೊಡಕು ಬೇರೆ. ಮುನ್ನೂರು ರೂಪಾಯಿಯ ಸಿದ್ಧ ಅಂಗಿ ಮೂವತ್ತು ಒಗೆತಕ್ಕೆ ಜಾಳಾದರೆ ಒಂದು ತೊಡಿಕೆಗೆ ಹತ್ತು ರೂಪಾಯಿ ಬಿತ್ತು. ಒಂಬೈನೂರರ ಗಟ್ಟಿ ಅಂಗಿ ನೂರೆಂಬತ್ತು ಒಗೆತ ತಡೆದರೆ ಐದೇ ರೂಪಾಯಿ. ಈ ಲೆಕ್ಕ ಮೇಷ್ಟ್ರಿಗೆ ಬರುವುದಿಲ್ಲವೆಂದಲ್ಲ. ತಿಂಗಳ ಕೊನೆಯಲ್ಲಿ ಜೇಬಿನಲ್ಲಿ ಒಂಬೈನೂರು ಇರುವುದಿಲ್ಲ, ಅಷ್ಟೆ. ಫಸಲು ಬಂದಾಗ ತೀರಿಸುವ ಕರಾರಿನ ಮೇಲೆ ಜವಳಿ ಕೊಡುತ್ತಿದ್ದ ಹಳೆಯ ಅಂಗಡಿಕಾರರ ಕಡದ ಪುಸ್ತಕಕ್ಕೆ ಎಷ್ಟೋ ದೋಷಗಳಿದ್ದರೂ, ಗಟ್ಟಿ ಬಟ್ಟೆ ಬಡವನ ಮೈಮೇಲೆ ಏರುತ್ತಿದ್ದುದು ಅದರ ದೆಸೆಯಿಂದ.

ಗಾಂಧೀಜಿ 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ತುಂಡುಪಂಚೆಗಿಳಿದಾಗ ಲೋಕ ಕೈಮುಗಿಯಿತು. 1943ರಲ್ಲಿ ಯುದ್ಧದ ದೆಸೆಯಿಂದ ಸರ್ಕಾರ ಹತ್ತಿಬಟ್ಟೆಯ ಮೇಲೆ ನಿಯಂತ್ರಣ ತಂದಾಗ, ಕಾಳಸಂತೆಯ ಪರಿಚಯವಿದ್ದವರನ್ನುಳಿದು ಮಿಕ್ಕವರೆಲ್ಲರೂ ಹಳೆಯದನ್ನೇ ಉಟ್ಟರು. ಯಾರೂ ಯಾರಿಗೂ ನಾಚಬೇಕಾಗಿರಲಿಲ್ಲ. ಸುತ್ತಲಿನವರು ದಿನಕ್ಕೊಂದು ಬಣ್ಣ ತೊಡುವಾಗ ಮೂರನ್ನೇ ತಿರುವಿ ಹಾಕುವವನ ಪಾಡು ಬೇರೆ. ಅವನದು ವ್ರತವೂ ಅಲ್ಲ, ಅಪ್ಪಣೆಯೂ ಅಲ್ಲ.

ವಿದ್ಯಾವಿಕಾಸ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಮಗುವಿಗೆ ಉಚಿತವಾಗಿ ದೊರೆಯುವ ಸಮವಸ್ತ್ರ ಎರಡು ಜೊತೆ. ಕಡೂರಿಗೂ ಎರಡು, ತರೀಕೆರೆಗೂ ಎರಡು. ಗೃಹಿಣಿಯ ಬೀಜಗಣಿತಕ್ಕೆ ಕೊರತೆ ಬೀಳುವ ಜೊತೆಗಳನ್ನು ಆಷಾಢದಲ್ಲಿ ತಾಯಂದಿರು ಬಚ್ಚಲ ಹಂಡೆಯ ಒಲೆಯಿಂದ ತುಂಬಿಸುತ್ತಾರೆ. ಹಗಲೆಲ್ಲ ಕೂಲಿ ಮಾಡಿ ಬಂದವಳು ರಾತ್ರಿ ಒಗೆದು, ಹಿಂಡಿ, ಒಲೆಯ ಮೇಲಣ ಗಳುವಿಗೆ ಹರವಿ, ನಡುವೆ ಎದ್ದು ಒಮ್ಮೆ ತಿರುವಿ ಹಾಕಿ ಮಲಗುತ್ತಾಳೆ. ಬೆಳಿಗ್ಗೆ ಮಗು ಶುಭ್ರವಾಗಿಯೇ ಶಾಲೆಗೆ ಬರುತ್ತದೆ. ಬಟ್ಟೆಯಿಂದ ಮಾತ್ರ ಹಸಿ ಸೌದೆಯ ಹೊಗೆಯ ವಾಸನೆ ಬಿಟ್ಟಿರುವುದಿಲ್ಲ. ಪಕ್ಕದ ಹುಡುಗ ಮೂಗು ಮುಚ್ಚಿಕೊಂಡು ನಗುತ್ತಾನೆ. ಕಡೂರಿನಿಂದ ಬಂದ ಮೇಷ್ಟ್ರು ಅವನನ್ನು ಗದರಿಸಲು ಬಾಯಿ ತೆರೆದು, ಅದೇ ವಾಸನೆ ತಮ್ಮ ತೋಳಿನಿಂದಲೂ ಬರುತ್ತಿರುವುದನ್ನು ಗುರುತಿಸಿ, ಆ ಮಗುವಿನ ಪಕ್ಕದಲ್ಲಿಯೇ ನಿಂತು ಪಾಠ ಮುಂದುವರಿಸುತ್ತಾರೆ.